ನೀಲಿ ಇದ್ದಲ್ಲೆಲ್ಲ ಕಡಲಿಲ್ಲ

ಮಕ್ಕಳೇ, ಒಮ್ಮೆ ತರಗತಿಯಲ್ಲಿ ನೀಲಿ ಗ್ರಹವೊಂದರ ಚಿತ್ರ ತೋರಿಸಿದೆ. ಅದು ಕಲಾವಿದರು ಊಹಿಸಿ ಬರೆದ ಚಿತ್ರ. "ಸರ್, ಅಲ್ಲಿ ಸಮುದ್ರ ಇದೆಯಾ?" ಎಂದು ಹುಡುಗಿಯೊಬ್ಬಳು ಕೇಳಿದಳು. ನಮ್ಮ ಭೂಮಿಯೂ ನೀಲಿಯಲ್ಲವೇ? "ಹೌದಮ್ಮ, ಇದೆ" ಎಂದುಬಿಟ್ಟೆ. ಸಂಜೆ ಓದಿದಾಗ ನನ್ನ ತಪ್ಪು ತಿಳಿಯಿತು.

ಆ ಗ್ರಹದ ಹೆಸರು ಎಚ್‌ಡಿ 189733 ಬಿ. 2005ರಲ್ಲಿ ಪತ್ತೆಯಾದ ಅದು ನಮ್ಮ ಸೌರವ್ಯೂಹದ ಆಚೆ, ಸುಮಾರು 64 ಜ್ಯೋತಿರ್ವರ್ಷ ದೂರದಲ್ಲಿದೆ. ತನ್ನ ನಕ್ಷತ್ರಕ್ಕೆ ಅದು ಎಷ್ಟು ಹತ್ತಿರವೆಂದರೆ, 2.2 ದಿನಕ್ಕೇ ಒಂದು ಸುತ್ತು ಮುಗಿಸುತ್ತದೆ! ಆದ್ದರಿಂದ ಅಲ್ಲಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿ. ಗುರುವಿನಂತೆ ಅದೂ ಅನಿಲದ ಗ್ರಹ. ಕಡಲು ನಿಲ್ಲಲು ನೆಲವೇ ಇಲ್ಲ. ಗಾಳಿಯ ವೇಗ ಗಂಟೆಗೆ 7,000 ಕಿ.ಮೀ.ಗೂ ಹೆಚ್ಚು. ಮರಳಿನಲ್ಲಿರುವಂಥ ಸಿಲಿಕೇಟ್‌ನ ಕಣಗಳು ನೀಲಿ ಬೆಳಕನ್ನು ಚದುರಿಸುತ್ತವೆ ಎಂಬುದು ವಿಜ್ಞಾನಿಗಳ ಅಂದಾಜು. ಅಲ್ಲಿ ಗಾಜಿನ ಮಳೆ ಅಡ್ಡಡ್ಡಲಾಗಿ ಸುರಿಯಬಹುದಂತೆ!

ಮರುದಿನ "ನಿನ್ನೆ ನಾನು ಹೇಳಿದ್ದು ತಪ್ಪು" ಎಂದು ಎಲ್ಲವನ್ನೂ ವಿವರಿಸಿದೆ. ಆ ಹುಡುಗಿ ಮತ್ತೆ ಕೈಯೆತ್ತಿದಳು: "ಅಷ್ಟು ದೂರದ ಗ್ರಹದ ಬಣ್ಣ ಹೇಗೆ ಗೊತ್ತಾಯಿತು ಸರ್?"

ಈ ಬಾರಿ ಓದಿಕೊಂಡೇ ಬಂದಿದ್ದೆ. ಗ್ರಹವು ನಕ್ಷತ್ರದ ಹಿಂದೆ ಮರೆಯಾದಾಗ ಒಟ್ಟು ಬೆಳಕಿನಲ್ಲಿ ನೀಲಿ ಮಾತ್ರ ಕೊಂಚ ಕಡಿಮೆಯಾಯಿತು. ಹಬಲ್ ದೂರದರ್ಶಕದ ಈ ಅಳತೆ 2013ರಲ್ಲಿ ಪ್ರಕಟವಾಯಿತು. ನನ್ನಂತೆ ಅವರು ಸುಮ್ಮನೆ ಊಹಿಸಲಿಲ್ಲ, ಅಳೆದು ನೋಡಿದರು.