ಸಂಘದ ಪಟ್ಟಿ ಹಸನ ಮಾಡೋದು

ನಮ್ಮ ಸ್ವಸಹಾಯ ಸಂಘದ ಪಟ್ಟಿಯೊಳಗ ಏಳು ಕಾಲಮ್ ಅದಾವ: ನಂಬರ್, ಹೆಸರು, ವಿಳಾಸ, ಆಧಾರ್, ಬ್ಯಾಂಕ್ ಖಾತೆ, ಮೊಬೈಲ್, ಉಳಿತಾಯದ ರೊಕ್ಕ. ತಿಂಗಳಾ ತಿಂಗಳಾ ವಾಟ್ಸಾಪ್ ಗ್ರೂಪಿಗೆ ಹಾಕು ಅಂತೀರಿ. ಯಾರದು ಎಷ್ಟು ಕೂಡ್ಯಾದ ನೋಡ್ಲಿಕ್ಕ ಹೆಸರು, ರೊಕ್ಕ ಇದ್ರ ಸಾಕು. ಆಧಾರ್, ಖಾತೆ ನಂಬರ್ ಅಲ್ಲಿಂದ ಯಾರ್ಯಾರ ಫೋನಿಗೆ ಹೋಗ್ತಾವೋ ಯಾರಿಗೆ ಗೊತ್ತು?

ಎಕ್ಸೆಲ್‌ದಾಗ ಕಾಲಮ್ ಹೈಡ್ ಮಾಡಿದ್ರ ಆಯ್ತಲ್ಲಾ ಅಂತಾರ ನಮ್ಮ ವೈನಿ. ಹೈಡ್ ಅಂದ್ರ ಮ್ಯಾಲ ಸೆರಗು ಹೊಚ್ಚಿದಂಗ ಅಷ್ಟೇ ವೈನಿ. ಯಾರರೆ ಅನ್‌ಹೈಡ್ ಒತ್ತಿದ್ರ ಎಲ್ಲಾ ಹೊರಗ ಬರ್ತದ.

ನಾ ಲಿನಕ್ಸ್ ಟರ್ಮಿನಲ್‌ದಾಗ 'ಕಟ್' ಅನ್ನೋ ಕಮಾಂಡ್ ಹೊಡೀತೀನಿ. ಪಟ್ಟಿ ಸಿಎಸ್‌ವಿ ಮಾಡಿದ್ರ ಅದು ಸಾದಾ ಅಕ್ಷರದ ಫೈಲು, ಕಾಲಮ್ ನಡುವ ಬರೇ ಕಾಮಾ. 'ಕಟ್' ಮುಂದ ಹೈಫನ್ ಡಿ, ಅದಕ್ಕ ಕಾಮಾ. ಹೈಫನ್ ಎಫ್, ಅದಕ್ಕ 1,2,7. ಕಡೀಕ ಫೈಲಿನ ಹೆಸರು. ಮೂರೇ ಕಾಲಮ್ ಉಳೀತಾವ. ಮುಂದಿನ ತಿಂಗಳ ಅದೇ ಸಾಲು ಮತ್ತ ಹೊಡೆದ್ರ ಮುಗೀತು. ಬಂದಿದ್ದನ್ನ ಹೊಸ ಹೆಸರಿನ ಫೈಲಿಗೆ ಹಾಕಬೇಕು. ಹಳೇ ಹೆಸರಿಗೇ ಹಾಕಿದ್ರ 'ಕಟ್' ಓದೋ ಮೊದಲೇ ಫೈಲು ಖಾಲಿ ಆಗ್ತದ.

ಖರೇ ತ್ರಾಸ ಇರೋದು ವಿಳಾಸದಾಗ. ಒಬ್ಬಾಕಿದು 'ಗುಡಿ ಹತ್ರ, ಕೋಡ್ಲಾ, ಸೇಡಂ ತಾಲೂಕ, ಕಲಬುರಗಿ ಜಿಲ್ಲಾ' ಅಂತ ಇತ್ತಂದ್ರ ಎಕ್ಸೆಲ್ ಅದರ ಸುತ್ತ ಉದ್ಧರಣ ಚಿಹ್ನೆ ಹಾಕಿ ಒಂದೇ ಕಾಲಮ್ ಮಾಡಿ ಇಡ್ತದ. 'ಕಟ್'ಗೆ ಆ ಚಿಹ್ನೆ ತಿಳಿಯಂಗಿಲ್ಲ, ಕಾಮಾ ಕಂಡಲ್ಲೆಲ್ಲಾ ತುಂಡು. ಮೂರು ಕಾಮಾ ಹೆಚ್ಚಾದ್ವು, ಮುಂದಿಂದೆಲ್ಲಾ ಮೂರು ಮನಿ ಸರೀತು, ಏಳನೇ ಜಾಗದಾಗ ರೊಕ್ಕದ ಬದಲಿ ಆಧಾರ್ ಬಂದು ಕುಂತಿತು! ಹತ್ತೊಂಬತ್ತು ಮಂದೀದು ಸರಿ, ಒಬ್ಬಾಕಿದು ಬಯಲು. ಮ್ಯಾಲಿನ ನಾಕು ಸಾಲು ನೋಡಿ ಕಳಿಸಿದ್ರ ಇದು ಬ್ಯಾಳ್ಯಾಗಿನ ಹಳ್ಳು ಕಂಡಂಗ ಕಾಣಂಗಿಲ್ಲ.

ಅದಕ್ಕ ಕಾಮಾ ಬಿಟ್ಟು ಟ್ಯಾಬ್ ಹಾಕಿ ಸೇವ್ ಮಾಡ್ತೀನಿ. ವಿಳಾಸದಾಗ ಟ್ಯಾಬ್ ಹೊಡಿಯೋರು ಕಮ್ಮಿ, ಮತ್ತ 'ಕಟ್' ತಾನಾಗೇ ಟ್ಯಾಬ್ ಹಿಡೀತದ, ಹೈಫನ್ ಡಿ ಬ್ಯಾಡ. ಕತ್ತರಿಸೋ ಮೊದಲು 'ಆಕ್'ದಿಂದ ಪ್ರತಿ ಸಾಲಿನ ಕಾಲಮ್ ಎಣಿಸ್ತೀನಿ, ಎಲ್ಲಾ ಕಡಿ 7 ಬರಬೇಕು. (1977ರಾಗ ಬೆಲ್ ಲ್ಯಾಬ್ಸ್‌ದಾಗ ಆಹೋ, ವೈನ್‌ಬರ್ಗರ್, ಕರ್ನಿಘನ್ ಅನ್ನೋ ಮೂವರು ಮಾಡಿದ್ದಿದು. ಅವರ ಅಡ್ಡಹೆಸರಿನ ಮೊದಲ ಅಕ್ಷರ ಕೂಡಿಸೇ ಹೆಸರಿಟ್ಟಾರ.) ಕತ್ತರಿಸಿದ ಮ್ಯಾಲ 'ಗ್ರೆಪ್' ಹಾಕಿ 12 ಅಂಕಿ ಇದ್ದ ಸಾಲು ಹುಡುಕ್ತೀನಿ, ನಾಕು ನಾಕು ಅಂಕಿಗೆ ಜಾಗ ಬಿಟ್ಟು ಬರೆದಿದ್ದೂ ಬಿಡಂಗಿಲ್ಲ. ಒಂದೂ ಸಿಗಲಿಲ್ಲ ಅಂದ್ರಷ್ಟೇ ಗ್ರೂಪಿಗೆ.

ಈ ತಿಂಗಳ ಪಟ್ಟ್ಯಾಗ ನಿಮಗ ಮೂರೇ ಕಾಲಮ್ ಕಾಣ್ತಾವ. ಯಾರದರೆ ಮೊಬೈಲ್ ನಂಬರ್ ಬೇಕಂದ್ರ ಮನಿಗೆ ಬಂದು ಕೇಳ್ರಿ.