ಸೈಟು ಬಂತೆಂದು ಹಿಗ್ಗುವ ಮುನ್ನ

ಸೋದರಿಯರೇ, ಒಂದು ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ, ಅಂಚು ಹಿಡಿದು, ಬಣ್ಣ ಬಿಟ್ಟೀತೇ ಎಂದು ಹತ್ತು ಸಲ ಕೇಳುತ್ತೇವೆ. ಜೀವಮಾನದಲ್ಲಿ ಒಮ್ಮೆ ಸಿಗುವ ಸೈಟಿನ ಮಾತು ಬಂದಾಗ ಮಾತ್ರ "ಅದೆಲ್ಲ ಗಂಡಸರ ವ್ಯವಹಾರ" ಎಂದು ಸುಮ್ಮನಾಗಿಬಿಡುತ್ತೇವೆ. ಆದರೆ ಸರ್ಕಾರದ ವಸತಿ ಯೋಜನೆಗಳಲ್ಲಿ ಹಕ್ಕುಪತ್ರ ಬರುವುದು ಹೆಚ್ಚಾಗಿ ನಮ್ಮ ಹೆಸರಿಗೇ. ಹೆಸರು ನಮ್ಮದಾದ ಮೇಲೆ ಜಾಗ ನೋಡುವ ಕಣ್ಣೂ ನಮ್ಮದೇ ಆಗಬೇಡವೇ?

ನನ್ನ ನಾದಿನಿ ಬಾಡಿಗೆ ಮನೆಯಲ್ಲಿ ಇಬ್ಬರು ಮಕ್ಕಳೊಂದಿಗೆ ಕಷ್ಟಪಡುತ್ತಿದ್ದಾಳೆ. ಊರ ಹೊರಗೆ ನಿವೇಶನ ಗೊತ್ತಾಗಿದೆ ಎಂದು ಸುದ್ದಿ ಬಂದಾಗ ನಾವಿಬ್ಬರೂ ನೋಡಲು ಹೋದೆವು. ಬಿಸಿಲಿಗೆ ನೆಲ ಅಂಗೈ ತೂರುವಷ್ಟು ಬಿರುಕು ಬಿಟ್ಟಿತ್ತು. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜಿ, "ಯವ್ವಾ, ಇದು ತಗ್ಗು. ಮಳೆಗಾಲಕ್ಕೆ ಮೊಣಕಾಲುದ್ದ ನೀರು ನಿಲ್ತೈತೆ. ನಾವು ಕುರೀನೂ ಇಲ್ಲಿ ತರುಬಲ್ಲ" ಎಂದಳು. ನಾದಿನಿಯ ಮುಖ ಬಾಡಿತು.

ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು, ಆಮೇಲೆ ಬಳ್ಳಾರಿಗೆ ಮರಳಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆಗೆ ಬಂತು. ಜಿಲ್ಲೆ ಬದಲಾಯಿತು, ಮಣ್ಣು ಬದಲಾಗಲಿಲ್ಲ. ನಮ್ಮಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಮೇಲಿನ ಗೋಡೆ ಸೀಳುತ್ತದೆ. ಅಲ್ಲಿ ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಬೇಕು. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆ ಬಯಲುಸೀಮೆಯ ಮನೆಗೆ ಗೊತ್ತುಮಾಡಿರುವುದು 1 ಲಕ್ಷ 20 ಸಾವಿರ ರೂಪಾಯಿ, ಅದೂ ಕೆಲಸ ನಡೆದಂತೆ ಕಂತಿನಲ್ಲಿ. ಪಾಯವೇ ದುಡ್ಡು ನುಂಗಿದರೆ ಗೋಡೆ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಕಿವಿಯ ಓಲೆಗೆ ಕುತ್ತು!

ಆದ್ದರಿಂದ ಜಾಗಕ್ಕೆ ಎರಡು ಸಲ ಹೋಗಿ. ಬೇಸಿಗೆಯಲ್ಲೊಮ್ಮೆ, ದೊಡ್ಡ ಮಳೆಯ ಮಾರನೆಯ ದಿನ ಇನ್ನೊಮ್ಮೆ. ಹಳ್ಳ ಎಲ್ಲಿ ಹರಿಯುತ್ತದೆ, ಕೆರೆಯ ಅಂಗಳ ಎಲ್ಲಿಯವರೆಗೆ ಎಂದು ವಯಸ್ಸಾದವರನ್ನು ಕೇಳಿ. ಪಹಣಿ ತೆಗೆಸಿ 9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲವೋ ತಕರಾರೋ ಇದೆಯೇ ಎಂದು ಓದಿಸಿ. ಗೋಮಾಳವಾಗಿದ್ದರೆ ವಸತಿಗೆ ಮಂಜೂರಾದ ಆದೇಶ ಕೇಳಿ.

ಕೊಳವೆಬಾವಿ ಇದೆ ಎಂದರೆ ಸಾಲದು. ನಮ್ಮ ಸೀಮೆಯ ಎಷ್ಟೋ ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ಪೆಟ್ಟು. ನೀರಿನ ಪರೀಕ್ಷೆಯ ಚೀಟಿ ಕೇಳಲು ಸಂಕೋಚ ಬೇಡ.

ಇನ್ನೊಂದು ಲೆಕ್ಕ ಕಾಗದದಲ್ಲಿ ಬರುವುದಿಲ್ಲ. ಅಂಗನವಾಡಿಗೆ, ಶಾಲೆಗೆ, ರೇಷನ್ ಅಂಗಡಿಗೆ ನಡೆದೇ ನೋಡಿ. ಕತ್ತಲಾದ ಮೇಲೆ ದಾರಿಯಲ್ಲಿ ದೀಪವಿದೆಯೇ? ಬೆಳೆದ ಮಗಳು ಒಬ್ಬಳೇ ಬಂದಾಳೇ? ಕೂಲಿಗೆ ಹೋಗುವವಳಿಗೆ ಆಟೋಗೇ ಅರ್ಧ ಕೂಲಿ ಹೋದರೆ, ಬಾಡಿಗೆ ಉಳಿದು ಏನು ಬಂತು?

ನಮ್ಮ ಮೈದುನ, "ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಹಂಗಾತು ನಿಮ್ಮದು. ಬ್ಯಾಡ ಅಂದ್ರೆ ಮತ್ತೆ ಸಿಗ್ತೈತೇನು?" ಎಂದು ಗದರಿದ. ಅವನ ಹೆದರಿಕೆ ಸುಳ್ಳಲ್ಲ. ಬೇಡ ಎಂದು ಕೈಬಿಟ್ಟರೆ ಮುಂದಿನ ಪಟ್ಟಿ ಯಾವಾಗಲೋ. ಅದಕ್ಕೇ ನಾದಿನಿ ಸೈಟು ಬೇಡವೆನ್ನಲಿಲ್ಲ. ಅಕ್ಕಪಕ್ಕದ ಫಲಾನುಭವಿ ಹೆಂಗಸರನ್ನು ಸೇರಿಸಿ, "ತಗ್ಗು ಬಿಟ್ಟು ದಿಬ್ಬದ ಕಡೆ ಗುರುತು ಮಾಡಿಕೊಡಿ, ಆಗದಿದ್ದರೆ ಚರಂಡಿ ತೆಗೆದು ಗರಸು ತುಂಬಿಸಿಕೊಡಿ" ಎಂದು ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಳು, ಸ್ವೀಕೃತಿಯನ್ನೂ ಪಡೆದಳು. ಮಾತಾಡುವಾಗ ಅವಳ ಕೈ ನಡುಗುತ್ತಿತ್ತು, ಆದರೆ ಮಾತು ತಪ್ಪಲಿಲ್ಲ.

ಉತ್ತರ ಇನ್ನೂ ಬಂದಿಲ್ಲ. ಈ ತಿಂಗಳೂ ಬಾಡಿಗೆ ಕಟ್ಟಿದ್ದಾಳೆ. ನಿಮ್ಮೂರಿನಲ್ಲಿ ಪಟ್ಟಿ ಓದುವ ದಿನ ನೀವೂ ಅಡುಗೆ ಬೇಗ ಮುಗಿಸಿ ಸಭೆಗೆ ಹೋಗಿ. ಒಬ್ಬರೇ ಬೇಡ, ನಾಲ್ವರು ಕೂಡಿ ಹೋಗಿ.