ಮನೆಯೊಳಗಣ ಬೆಳ್ಳಿತೆರೆ

ಮನೆಯಲ್ಲಿ ಕುಳಿತು ಚಿತ್ರ ನೋಡುವ ರಸಿಕನಿಗೊಂದು ವಿಶೇಷಾಧಿಕಾರವುಂಟು: ಬೇಡವೆನಿಸಿದೊಡನೆ ಕಥೆಯನ್ನೇ ನಿಲ್ಲಿಸಬಲ್ಲ. ದೊರೈ-ಭಗವಾನರ ‘ಕಸ್ತೂರಿ ನಿವಾಸ’ವನ್ನು (1971) ಆತ ನೋಡುತ್ತಿರುವುದು ಎಷ್ಟನೆಯ ಸಲವೋ! 2014ರಲ್ಲಿ ಬಣ್ಣ ತೊಟ್ಟು ಬಂದ ಪ್ರತಿಯಲ್ಲ. ಹಳೆಯ ಕಪ್ಪು-ಬಿಳುಪಿನದೇ ಆಗಬೇಕು. ಬಡತನಕ್ಕೆ ಬಣ್ಣವೇಕೆಂಬ ಆತನ ಹಠ ಒಪ್ಪತಕ್ಕದ್ದೇ.

ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯನಾಗಿದ್ದವನು ಕೊಟ್ಟು ಕೊಟ್ಟು ಬರಿದಾಗಿದ್ದಾನೆ. ಅತಿಥಿಗೆ ಊಟವಿಕ್ಕಲೆಂದು ಪ್ರೀತಿಯ ಪಾರಿವಾಳವೂ ಮಾರಾಟವಾಗಿದೆ. ಆಕೆ ಬೇಡುವುದು ಅದೇ ಪಾರಿವಾಳವನ್ನು! ರಾಜಕುಮಾರರ ಮುಖದಲ್ಲಿ ಮಾತು ಹೂತುಹೋಗುವ ಆ ಕ್ಷಣಕ್ಕೆ ಮುನ್ನವೇ ರಸಿಕನ ಬೆರಳು ಗುಂಡಿಯ ಮೇಲಿರುತ್ತದೆ. ಟಾಕೀಸಿನಲ್ಲಾದರೆ ನೂರಾರು ಮಂದಿಯ ನಡುವಣ ಕತ್ತಲೆಯಲ್ಲಿ ಅಳಬಹುದಿತ್ತು. ಇಲ್ಲಿ ದೀಪ ಉರಿಯುತ್ತಿದೆ. ಮಡದಿ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಾಳೆ.

ಗುಂಡಿಯೊತ್ತುವನೇ? ಇಲ್ಲ. ಕನ್ನಡಕವನ್ನು ತೆಗೆದು ಒರೆಸತೊಡಗುತ್ತಾನೆ.

ಆಕೆ ತಲೆಯೆತ್ತದೆಯೇ ಕೇಳುತ್ತಾಳೆ: “ದೀಪ ಆರಿಸಲೇ?”